ಲೆಕ್ಕದ ಚೀಟಿ ಕೊಡಿ, ಸಾಹೇಬರೇ

ಗೆ,
ಮಾನ್ಯ ಕಂದಾಯ ಅಧಿಕಾರಿಗಳು,
ನಮ್ಮ ವಲಯ ಕಚೇರಿ, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ.

ವಿಷಯ: ಮನೆಪಟ್ಟಿಯ (ಆಸ್ತಿ ತೆರಿಗೆಯ) ಲೆಕ್ಕವನ್ನು ರಸೀದಿಯ ಮೇಲೆ ಬಿಡಿಸಿ ಬರೆಯುವ ಬಗ್ಗೆ.

ಮಾನ್ಯರೇ,

ವಲಯದ ನಂಬರ್ ಬೇಕೆಂದೇ ಬರೆದಿಲ್ಲ. ಯಾರನ್ನೋ ಸಿಕ್ಕಿಸಲು ಬರೆದ ಪತ್ರ ಇದಲ್ಲ. ಇದನ್ನು ಓದಿದ ಯಾವ ವಲಯದ ಅಧಿಕಾರಿಯಾದರೂ ಇದು ತಮಗೇ ಬಂದದ್ದು ಎಂದುಕೊಳ್ಳಬಹುದು.

ನಾನು ಹಳೇ ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು. ಮುಂದೆ ಹತ್ತು ಅಡಿ ಹದಿನಾಲ್ಕು ಅಡಿಯ ಅಂಗಡಿ, ಹಿಂದೆ ಮನೆ. ಜಾಗ ಅಪ್ಪ 1974ರಲ್ಲಿ ಕೊಂಡದ್ದು. ಮನೆಪಟ್ಟಿ ಬಾಕಿ ಇಡುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ. ಏಪ್ರಿಲ್ ಬಂತೆಂದರೆ ಅಪ್ಪ ಧೋತರ ಉಟ್ಟು, ಹಳೇ ರಸೀದಿ ಜೇಬಿಗೆ ಹಾಕಿಕೊಂಡು ಹೊರಡುತ್ತಿದ್ದರು. ಈಗ ನಾನು ಹೋಗುತ್ತೇನೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ 2ರಂತೆ ದಂಡ. ಇಷ್ಟು ನಮ್ಮ ಗಲ್ಲಿಯ ಎಲ್ಲರಿಗೂ ಗೊತ್ತು. ಯಾವಾಗ ಕಟ್ಟಬೇಕು ಎಂದು ಎಲ್ಲರಿಗೂ ಗೊತ್ತು. ಯಾಕೆ ಇಷ್ಟೇ ಕಟ್ಟಬೇಕು ಎಂದು ಯಾರಿಗೂ ಗೊತ್ತಿಲ್ಲ. ನನ್ನ ತಕರಾರು ಇಲ್ಲಿಂದ ಶುರು.

ಕಳೆದ ವರ್ಷ ಇ-ಖಾತೆ, ಅಂದರೆ ಪಾಲಿಕೆಯ ಕಂಪ್ಯೂಟರಿನಲ್ಲಿರುವ ಆಸ್ತಿಯ ಖಾತೆ, ಮಾಡಿಸಲು ಹೋದೆ. ಇ-ಖಾತೆ ಇಲ್ಲದೆ ಮನೆಯ ಕ್ರಯ, ದಾನದಂಥ ಕಾಗದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದಿಲ್ಲ ಎಂದ ಮೇಲೆ, ನನ್ನ ಕಾಲದಲ್ಲೇ ಮಾಡಿಸಿಡೋಣ ಅನ್ನಿಸಿತು. ಖರೀದಿ ಪತ್ರ, ಪಟ್ಟಿ ರಸೀದಿ, ಕರೆಂಟ್ ಬಿಲ್, ಆಧಾರ್, ನನ್ನ ಫೋಟೊ, ಮನೆಯ ಫೋಟೊ ಎಲ್ಲ ಕೊಟ್ಟೆ. ಕೆಲವು ದಿನಕ್ಕೆ ಕರಡು ಕೈಗೆ ಬಂತು. ಅದರಲ್ಲಿ ನಿವೇಶನದ ಅಳತೆ 1,291 ಚದರ ಅಡಿ ಮತ್ತು ಚಿಲ್ಲರೆ ಎಂದಿತ್ತು.

ನನಗೆ ಗೊತ್ತಿರುವ ಜಾಗ 1,080 ಚದರ ಅಡಿ. ಚಿಕ್ಕವನಿದ್ದಾಗ ಹಗ್ಗ ಹಿಡಿದು ಅಪ್ಪನ ಜೊತೆ ಅಳೆದವನು ನಾನು. ಉಳಿದ 211 ಅಡಿ ಎಲ್ಲಿಂದ ಬಂತು? ಆಚೆ ಮನೆಯವರ ಗೋಡೆ ಹಾಗೇ ಇದೆ, ಈಚೆ ಗಟಾರ ಹಾಗೇ ಇದೆ. ಜಾಗ ಉಬ್ಬಿದ್ದು ಕಾಗದದ ಮೇಲೆ ಮಾತ್ರ.

ಮನೆಗೆ ಬಂದು ಅಪ್ಪನ ಬಿಸ್ಕತ್ತಿನ ಡಬ್ಬಿ ತೆಗೆದೆ. ಮನೆಪಟ್ಟಿ, ನೀರಪಟ್ಟಿ ರಸೀದಿಗಳನ್ನೆಲ್ಲ ಅವರು ವರ್ಷವಾರು ದಾರ ಕಟ್ಟಿ ಇಟ್ಟಿದ್ದಾರೆ. ಖರೀದಿ ಪತ್ರದಲ್ಲಿ ಬರೆದದ್ದು 120 ಚದರ ಗಜ. ನಮ್ಮ ಕಡೆಯ ಹಳೇ ಕಾಗದಗಳಲ್ಲಿ ಇದು ಮಾಮೂಲು. ಮುಂಬೈ ಪ್ರಾಂತ್ಯದ ಕಾಲದಿಂದ ಇಲ್ಲಿ ಸಿಟಿ ಸರ್ವೆ ಇದೆ, ಸಿಟಿಎಸ್ ನಂಬರ್ ಇದೆ. ಆಗ ಜಾಗವನ್ನು ಗಜದಲ್ಲಿ ಅಳೆಯುತ್ತಿದ್ದರು, ಸೀರೆಯನ್ನು ವಾರಿನಲ್ಲಿ ಅಳೆದ ಹಾಗೆ. ಒಂದು ಚದರ ಗಜ ಎಂದರೆ 9 ಚದರ ಅಡಿ. 120ಕ್ಕೆ 1,080. ಸರಿ ಹೋಯಿತು.

ಆದರೆ ಮನೆಯ ವಿವರ ನಾವೇ ಬರೆದು ಪಾಲಿಕೆಗೆ ಕೊಡುವ ಘೋಷಣೆ ಫಾರ್ಮಿನಲ್ಲಿ, ಒಂದು ವರ್ಷ, ಅದೇ 120ರ ಮುಂದೆ 'ಚ.ಮೀ.' ಎಂದು ಬಿದ್ದಿದೆ. ಒಂದು ಚದರ ಮೀಟರ್ ಎಂದರೆ 10.76 ಚದರ ಅಡಿ. ಈಗ ಗುಣಿಸಿ ನೋಡಿ, ಅದೇ 1,291 ಬರುತ್ತದೆ. ಗಜ ಹೋಗಿ ಮೀಟರ್ ಆಯಿತು, ನಮ್ಮ ಮನೆ ಸುಮಾರು ಐದನೇ ಒಂದು ಪಾಲು ಬೆಳೆಯಿತು!

ಯಾರ ತಪ್ಪು? ಫಾರ್ಮ್ ತುಂಬಿದ್ದು ಒಂದು ಝೆರಾಕ್ಸ್ ಅಂಗಡಿಯಲ್ಲಿ. ಕೆಳಗೆ ಸಹಿ ಇರುವುದು ಅಪ್ಪನದು. ಅಪ್ಪನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದವನು ನಾನು. ಹಾಗಾಗಿ ನಾನು ಯಾರ ಮೇಲೂ ಬೆರಳು ತೋರಿಸುವ ಹಾಗಿಲ್ಲ. ಕಾನೂನಿನ ಕಣ್ಣಲ್ಲಿ ಅದು ಸ್ವಯಂ ಘೋಷಣೆ. ನಾವೇ ಘೋಷಿಸಿದ್ದೇವೆ, ನಾವೇ ಕಟ್ಟಿದ್ದೇವೆ.

ಆದರೆ ಸಾಹೇಬರೇ, ಆ 'ಸ್ವಯಂ' ಎಂಬ ಪದದ ಮೇಲೆ ಸ್ವಲ್ಪ ಮಾತಾಡಬೇಕು. ಎರಡು ದಶಕದ ಹಿಂದಿನವರೆಗೆ ಮನೆಗೆ ಎಷ್ಟು ಬಾಡಿಗೆ ಬರಬಹುದು ಎಂಬ ಅಂದಾಜಿನ ಮೇಲೆ ಪಟ್ಟಿ ಹಾಕುತ್ತಿದ್ದರು. ಯಾರೋ ಬಂದು ನೋಡಿ ಹೋಗುತ್ತಿದ್ದರು, ಅವರು ಬರೆದದ್ದೇ ಅಂತಿಮ. ಅದು ಹೋಗಿ ಸ್ವಯಂ ಘೋಷಣೆ ಬಂದದ್ದು ಒಳ್ಳೆಯದೇ. ನಮ್ಮ ಮನೆಯ ಲೆಕ್ಕ ನಾವೇ ಮಾಡಿ ಕೊಡುವುದು ಮರ್ಯಾದೆಯ ಕೆಲಸ. ಆದರೆ ಲೆಕ್ಕ ಹೇಗೆ ಮಾಡಬೇಕೆಂದು ಹೇಳಿಕೊಡದೆ ಸಹಿ ಮಾತ್ರ ತೆಗೆದುಕೊಂಡರೆ ಅದು ಎಂಥ ಸ್ವಯಂ?

ಕರಡು ನೋಡಿದ ಮೇಲೆ ಎರಡು ತಿಂಗಳು ನಾನು ಕೂತು ಈ ಲೆಕ್ಕ ಕಲಿತೆ. ಅಂಗಡಿ ಮುಚ್ಚಿದ ಮೇಲೆ, ರಾತ್ರಿ. ಅಷ್ಟೇನೂ ಕಷ್ಟದ ಲೆಕ್ಕ ಅಲ್ಲ. ಅದಕ್ಕೇ ಸಿಟ್ಟು ಜಾಸ್ತಿ ಬಂತು. ನನಗೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತೇನೆ. ನಿಮಗೆ ಗೊತ್ತಿದ್ದದ್ದೇ. ಈ ಪತ್ರ ಓದುವ ನನ್ನಂಥ ಮನೆಯವರಿಗೆ ಬೇಕಾದೀತು.

ಮೊದಲು ಜಾಗದ ಬೆಲೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರ್ಗಸೂಚಿ ದರ ಎಂದು ಇರುತ್ತದಲ್ಲ, ಖರೀದಿ ಮಾಡುವಾಗ ಸ್ಟ್ಯಾಂಪ್ ಶುಲ್ಕಕ್ಕೆ ಹಿಡಿಯುತ್ತಾರೆ, ಅದೇ ದರ. ನಮ್ಮ ಚದರ ಅಡಿಯನ್ನು ಅದರಿಂದ ಗುಣಿಸಬೇಕು. ಬಂದದ್ದರಲ್ಲಿ ಶೇ 25ರಷ್ಟನ್ನು ಮಾತ್ರ ತೆರಿಗೆಗೆ ಹಿಡಿಯುತ್ತಾರೆ. ಆಮೇಲೆ ಕಟ್ಟಡದ ಬೆಲೆ. ಆರ್‌ಸಿಸಿಗೆ ಒಂದು ದರ, ಹಂಚಿಗೆ ಒಂದು, ತಗಡಿಗೆ ಒಂದು. ಕಟ್ಟಡ ಹಳೆಯದಾದಷ್ಟೂ ಸವಕಳಿ ಎಂದು ಕಳೆಯುತ್ತಾರೆ. ಜಾಗ, ಕಟ್ಟಡ ಎರಡೂ ಕೂಡಿಸಿದರೆ ತೆರಿಗೆ ಹಾಕುವ ಬಂಡವಾಳ ಮೌಲ್ಯ ಸಿಗುತ್ತದೆ. ಅದರ ಮೇಲೆ ಪಾಲಿಕೆ ಗೊತ್ತುಮಾಡಿದ ಶೇಕಡಾ ದರ. ವಾಸದ ಮನೆಗೆ ಕಡಿಮೆ, ಅಂಗಡಿಗೆ ಜಾಸ್ತಿ. ಮುಗಿಯಿತು ಅಂದುಕೊಂಡರೆ, ಇನ್ನೂ ಬಾಲ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನನ್ನ 211 ಅಡಿಯ ಕಥೆ ನೋಡಿ. ಲೆಕ್ಕಕ್ಕೆ ಸುಲಭವಾಗಲಿ ಎಂದು ಅಡಿಗೆ 2,000 ರೂಪಾಯಿ ಮಾರ್ಗಸೂಚಿ ದರ, ಶೇ 0.5 ತೆರಿಗೆ ಎಂದು ಹಿಡಿಯೋಣ. 211 ಅಡಿಗೆ 4,22,000. ಅದರ ಶೇ 25 ಎಂದರೆ 1,05,500. ಅದರ ಮೇಲೆ ಅರ್ಧ ಪರ್ಸೆಂಟ್, 527 ರೂಪಾಯಿ 50 ಪೈಸೆ. ಬಾಲ ಸೇರಿಸಿದರೆ 660 ದಾಟುತ್ತದೆ. ಪ್ರತಿ ವರ್ಷ, ಇಲ್ಲದ ಜಾಗಕ್ಕೆ. ಇದರಿಂದ ನಾನು ಬೀದಿಗೆ ಬರುವುದಿಲ್ಲ, ನಿಜ. ಆದರೆ ನನ್ನ ಅಂಗಡಿಯಲ್ಲಿ ಆ ದುಡ್ಡಿಗೆ ನಾಲ್ಕು ಕೆಜಿ ತೊಗರಿಬೇಳೆ ಬರುತ್ತದೆ. ಗಿರಾಕಿಯ ಚೀಟಿಯಲ್ಲಿ ನಾಲ್ಕು ಕೆಜಿ ಬೇಳೆ ಸುಮ್ನೆ ಸೇರಿಸಿದರೆ ಅವರು ನನ್ನನ್ನು ಸುಮ್ಮನೆ ಬಿಡುತ್ತಾರಾ?

ಇನ್ನೊಂದು ತಪ್ಪೂ ಸಿಕ್ಕಿತು. ಮುಂದಿನ ಅಂಗಡಿ ಕೋಣೆಗೆ 2009ರಲ್ಲಿ ಆರ್‌ಸಿಸಿ ಹಾಕಿಸಿದೆವು. ಹಿಂದಿನ ಮನೆ ಹಳೆಯದು, ಹಂಚಿನದು. ಫಾರ್ಮಿನಲ್ಲಿ ಕಟ್ಟಿದ ವರ್ಷಕ್ಕೆ ಒಂದೇ ಖಾನೆ ತುಂಬಿದ್ದಾರೆ, 2009. ಛಾವಣಿಗೂ ಒಂದೇ, ಆರ್‌ಸಿಸಿ. ಹೀಗೆ ಅಜ್ಜನ ವಯಸ್ಸಿನ ಮನೆ ಮೊಮ್ಮಗನಾಯಿತು, ಸವಕಳಿ ಹೋಯಿತು.

ಇವೆರಡೂ ಇಷ್ಟು ವರ್ಷ ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ಯಾಕೆಂದರೆ ನನ್ನ ಕೈಗೆ ಬರುವ ರಸೀದಿಯಲ್ಲಿ ಮೊತ್ತ ಇದೆ, ಲೆಕ್ಕ ಇಲ್ಲ. ಅಳತೆ ಯಾವ ಮಾಪನದಲ್ಲಿದೆ, ಕಟ್ಟಡದ ವಯಸ್ಸು ಎಷ್ಟು ಹಿಡಿದಿದ್ದಾರೆ, ಅಂಗಡಿ ಎಷ್ಟು, ಮನೆ ಎಷ್ಟು, ಒಂದೂ ಬಿಡಿಸಿ ಬರೆದಿಲ್ಲ. ಕೌಂಟರಿನಲ್ಲಿ ಕೇಳಿದರೆ "ಕಂಪ್ಯೂಟರ್‌ನಾಗ ಹಂಗ ಬಂದೈತ್ರಿ" ಎಂಬ ಉತ್ತರ. ಅವರದೂ ತಪ್ಪಲ್ಲ, ಅವರ ಹಿಂದೆ ನಲವತ್ತು ಜನ ನಿಂತಿರುತ್ತಾರೆ. ಆದರೆ ಕಂಪ್ಯೂಟರಿಗೆ ಗೊತ್ತಿರುವುದು ಮನೆಯವನಿಗೆ ಗೊತ್ತಾಗಬಾರದೇ?

ಅಂಗಡಿಯಲ್ಲಿ ನಾನು ಹಾಳೆ ಹರಿದು ಬರೆದುಕೊಡುತ್ತೇನೆ. ಬೆಲ್ಲ ಎರಡು ಕೆಜಿ, ಇಷ್ಟು. ರವೆ ಒಂದು ಕೆಜಿ, ಇಷ್ಟು. ಸಾಸಿವೆ ನೂರು ಗ್ರಾಂ, ಇಷ್ಟು. ಕೆಳಗೆ ಗೆರೆ ಹೊಡೆದು ಒಟ್ಟು. ಒಟ್ಟು ಮಾತ್ರ ಬರೆದು ಕೊಟ್ಟರೆ ಮುದುಕಿಯರು ಕೂಡ ಚೀಟಿ ವಾಪಸ್ ಒಗೆಯುತ್ತಾರೆ. "ಯಪ್ಪಾ, ಯಾವ್ದಕ್ಕ ಎಷ್ಟು ಅಂತ ಬರಿಯೋ" ಎನ್ನುತ್ತಾರೆ. ಅದೇ ಮುದುಕಿಯರು ಮನೆಪಟ್ಟಿ ಮಾತ್ರ ತುಟಿ ಬಿಚ್ಚದೆ ಕಟ್ಟಿ ಬರುತ್ತಾರೆ.

ಈಗ ಬಾಲದ ವಿಷಯ. ಆಸ್ತಿ ತೆರಿಗೆಯ ಮೇಲೆ ಉಪಕರಗಳು ಬೀಳುತ್ತವೆ. ಆರೋಗ್ಯ ಕರ ಶೇ 15. ಗ್ರಂಥಾಲಯ ಕರ ಶೇ 6. ಭಿಕ್ಷುಕರ ಕರ ಶೇ 3. ನಗರ ಸಾರಿಗೆ ಕರ ಶೇ 2. ಒಟ್ಟು ಶೇ 26. ತೆರಿಗೆ 4,000 ಆದರೆ ಆರೋಗ್ಯಕ್ಕೆ 600, ಗ್ರಂಥಾಲಯಕ್ಕೆ 240, ಭಿಕ್ಷುಕರ ಕರ 120, ಸಾರಿಗೆಗೆ 80. ಹೀಗೆ 1,040 ಸೇರಿ 5,040 ಆಗುತ್ತದೆ. ಘನತ್ಯಾಜ್ಯದ ಶುಲ್ಕ ಬೇರೆ. ಇವು ಇಂದು ನಿನ್ನೆಯವಲ್ಲ. ಆರೋಗ್ಯ ಕರದ ಕಾಯ್ದೆ 1962ರದು, ಗ್ರಂಥಾಲಯದ್ದು 1965ರದು, ಭಿಕ್ಷಾಟನೆಯದು 1975ರದು. ಗ್ರಂಥಾಲಯ ಕರ ಎಂದಾಗ ನನಗೆ ಖುಷಿಯೇ ಆಯಿತು. ನನ್ನ ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದ್ದು ಲೈಬ್ರರಿಯಲ್ಲಿ ಕೂತೇ. ಅಲ್ಲಿಯ ಕುರ್ಚಿಗೆ ನಾನೂ ವರ್ಷಾ ದುಡ್ಡು ಕೊಡುತ್ತಿದ್ದೆ ಎಂದು ಮೊದಲೇ ಗೊತ್ತಿದ್ದರೆ ಅವಳ ಮುಂದೆ ಸ್ವಲ್ಪ ಮೀಸೆ ತಿರುವುತ್ತಿದ್ದೆ. ಭಿಕ್ಷುಕರ ಕರ ಎಂದು ಒಂದಿದೆ ಎಂದು ಹೇಳಿದರೆ ನಮ್ಮ ಗಲ್ಲಿಯಲ್ಲಿ ಅರ್ಧ ಜನ ನಂಬಲಿಲ್ಲ. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಈ ದುಡ್ಡಿನಿಂದ ಎಂದ ಮೇಲೆ ಒಬ್ಬರು, "ಹಂಗಾದ್ರ ಕೊಡೂಣ ಬಿಡ್ರಿ" ಎಂದರು. ಜನಕ್ಕೆ ಹೇಳಿದರೆ ಕೊಡುತ್ತಾರೆ, ಸಾಹೇಬರೇ.

ಹಾಗೆಂದು ಕೇಳುವುದನ್ನು ಬಿಡುವುದಿಲ್ಲ. ಈ ಉಪಕರಗಳು ಪಾಲಿಕೆ ಇಟ್ಟುಕೊಳ್ಳುವ ಹಣ ಅಲ್ಲ, ಆಯಾ ಇಲಾಖೆಗೆ ದಾಟಿಸಬೇಕಾದ ಹಣ. ಎಷ್ಟು ಬಂತು, ಎಷ್ಟು ದಾಟಿಸಿದಿರಿ ಎಂಬ ಎರಡು ಸಾಲು ವರ್ಷಕ್ಕೊಮ್ಮೆ ಕಚೇರಿಯ ಗೋಡೆಗೆ ಅಂಟಿಸಿ. ಮಾಹಿತಿ ಹಕ್ಕಿನ ಕಾಯ್ದೆಯ 4ನೇ ಕಲಂ ಹೇಳುವುದೂ ಅದನ್ನೇ, ಕೇಳುವ ಮೊದಲೇ ತಿಳಿಸಿ ಎಂದು. ಇದಕ್ಕೂ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಹಾಕಬೇಕೇ?

ಪಟ್ಟಿ ಏಕಾಏಕಿ ಯಾಕೆ ಏರಿತು ಎಂಬುದೂ ಯಾರೂ ಹೇಳದ ಕಥೆ. ಮೊದಲು 2005-06ರ ಮಾರ್ಗಸೂಚಿ ದರವನ್ನೇ ಹಿಡಿದು, ಮೂರು ವರ್ಷಕ್ಕೊಮ್ಮೆ ಶೇಕಡಾ ಇಷ್ಟು ಎಂದು ಏರಿಸುತ್ತಿದ್ದರು. 2021ರಲ್ಲಿ ಕಾಯ್ದೆ ತಿದ್ದಿ, ಆಯಾ ವರ್ಷ ಚಾಲ್ತಿಯಲ್ಲಿರುವ ದರಕ್ಕೆ ಗಂಟು ಹಾಕಿದರು. 2023ರ ಅಕ್ಟೋಬರ್ 1ರಿಂದ ರಾಜ್ಯದ ತುಂಬ ಮಾರ್ಗಸೂಚಿ ದರ ಏರಿತು. ದರ ಏರಿಸಿದ್ದು ನೋಂದಣಿ ಇಲಾಖೆ. ಬಿಸಿ ಮುಟ್ಟಿದ್ದು ಮನೆಪಟ್ಟಿಗೆ. ನಮ್ಮ ಗಲ್ಲಿಯಲ್ಲಿ ಜನ ಬೈದದ್ದು ವಾರ್ಡಿನ ಸದಸ್ಯರನ್ನು! ಪಾಪ, ಆ ದರ ಅವರ ಕೈಯಲ್ಲಿ ಇಲ್ಲ. ಆದರೆ ಅವರೂ ಬಂದು ಬಿಡಿಸಿ ಹೇಳಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಾರ್ಗಸೂಚಿ ದರ ಏರಿದರೆ ಮಾರುವವನಿಗೆ ಸಂತೋಷ. ನಾನು ಮಾರುವವನಲ್ಲ. ಕೇಶ್ವಾಪುರದಲ್ಲೋ ವಿದ್ಯಾನಗರದಲ್ಲೋ ಸೈಟ್ ಇಟ್ಟುಕೊಂಡು ಬೆಲೆ ಬರಲಿ ಎಂದು ಕಾಯುವವರ ಲೆಕ್ಕ ಬೇರೆ. ಹುಟ್ಟಿದ ಮನೆಯಲ್ಲೇ ಸಾಯುವವನಿಗೆ ಜಾಗದ ಬೆಲೆ ಏರಿದರೆ ಕೈಗೆ ಬರುವುದು ಏನೂ ಇಲ್ಲ, ಕೈಯಿಂದ ಹೋಗುವುದು ಮಾತ್ರ. ತೆರಿಗೆ ಬೇಡ ಎನ್ನುತ್ತಿಲ್ಲ. ಗಲ್ಲಿಯ ದೀಪ, ಗಟಾರ, ಕಸದ ಗಾಡಿ ಎಲ್ಲ ನಡೆಯಬೇಕಲ್ಲ. ಆದರೆ ಒಂದೇ ಪೇಟೆಯಲ್ಲಿ ಮುಖ್ಯ ರಸ್ತೆಗೆ ಮುಖ ಮಾಡಿದ ಜಾಗಕ್ಕೂ, ಎರಡು ಬೈಕು ಎದುರಾದರೆ ಒಂದು ನಿಲ್ಲಬೇಕಾದ ಗಲ್ಲಿಗೂ ಒಂದೇ ದರ ಹಿಡಿದಿದ್ದರೆ ಅದನ್ನು ಹೇಳಿಕೊಳ್ಳಲು ಮನೆಯವನಿಗೆ ದಾರಿ ಬೇಕು. ಯಾವ ದರ ಹಿಡಿದಿದ್ದೀರಿ ಎಂದು ರಸೀದಿಯಲ್ಲಿ ಇದ್ದರೆ ತಾನೇ ಕೇಳುವುದು?

ಹೆದರಿಕೆಯೂ ಒಂದಿದೆ, ಅದನ್ನೂ ಬರೆಯುತ್ತೇನೆ. "ಸುಮ್ಮನಿರಿ, ಕೆದಕಿದರೆ ಜಾಸ್ತಿ ಹಾಕುತ್ತಾರೆ" ಎಂದು ನನಗೆ ಬುದ್ಧಿ ಹೇಳಿದವರು ಎಷ್ಟೋ ಜನ. ನನ್ನ ಅಂಗಡಿಯನ್ನು ವಾಣಿಜ್ಯ ಎಂದು ತೋರಿಸಿದ್ದೇನೆ, 140 ಅಡಿ, ಸರಿಯಾಗಿಯೇ ಇದೆ. ಹಾಗಾಗಿ ನನಗೆ ಭಯ ಇಲ್ಲ. ಆದರೆ ಮೇಲಿನ ಕೋಣೆ ಬಾಡಿಗೆಗೆ ಕೊಟ್ಟು ತೋರಿಸದವರು, ಜಗಲಿ ಮುಚ್ಚಿ ಝೆರಾಕ್ಸ್ ಮಷಿನ್ ಇಟ್ಟವರು ಇದ್ದಾರೆ. ಅವರು ಕಚೇರಿ ಕಡೆ ತಲೆ ಹಾಕುವುದಿಲ್ಲ. ಜಾಸ್ತಿ ಕಟ್ಟುವವನೂ ಬಾಯಿ ಬಿಡುವುದಿಲ್ಲ, ಕಡಿಮೆ ಕಟ್ಟುವವನೂ ಬಿಡುವುದಿಲ್ಲ. ಲೆಕ್ಕ ಬಯಲಾದರೆ ಇಬ್ಬರದೂ ಸರಿಹೋಗುತ್ತದೆ. ನಷ್ಟ ಪಾಲಿಕೆಗೇನೂ ಆಗಲಿಕ್ಕಿಲ್ಲ ಎಂದು ನನ್ನ ಅಂದಾಜು.

ಮತ್ತೊಂದು ತಪ್ಪು ತಿಳಿವಳಿಕೆಯನ್ನು ನೀವೇ ಹೋಗಲಾಡಿಸಬೇಕು. ಪಟ್ಟಿ ಕಟ್ಟಿದ ರಸೀದಿ ಇದ್ದರೆ ಮನೆ ನಮ್ಮದೇ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಖಾತೆ ಎಂದರೆ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂಬ ಹೆಸರು, ಅಷ್ಟೇ. ಮಾಲೀಕತ್ವಕ್ಕೆ ಖರೀದಿ ಪತ್ರವೋ ವಾಟ್ನಿ ಪತ್ರವೋ (ಪಾಲುಪತ್ರ) ಬೇಕು. ಅಣ್ಣ ತಮ್ಮಂದಿರು ಇಪ್ಪತ್ತು ವರ್ಷ ಪಟ್ಟಿ ಕಟ್ಟಿದ ಜಂಬದಲ್ಲಿ ಕೋರ್ಟ್ ಮೆಟ್ಟಿಲು ಹತ್ತಿ ಸೋತು ಬಂದದ್ದನ್ನು ನಾನೇ ನೋಡಿದ್ದೇನೆ. ರಸೀದಿಯ ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಹಾಕಿದರೆ ಎಷ್ಟೋ ಮನೆಗಳ ಜಗಳ ತಪ್ಪುತ್ತದೆ.

ಈಗ ನನ್ನ ಬೇಡಿಕೆಗಳು. ದೊಡ್ಡವೇನೂ ಅಲ್ಲ.

ರಸೀದಿಯ ಹಿಂದಿನ ಮಗ್ಗುಲು ಖಾಲಿಯೇ ಇರುತ್ತದೆ. ಅಲ್ಲಿ ಲೆಕ್ಕ ಅಚ್ಚು ಹಾಕಿ. ಜಾಗ ಎಷ್ಟು ಚದರ ಅಡಿ, ಮಾರ್ಗಸೂಚಿ ದರ ಎಷ್ಟು, ಯಾವ ರಸ್ತೆಯದು, ಕಟ್ಟಡ ಎಷ್ಟು, ಯಾವ ವರ್ಷದ್ದು, ಸವಕಳಿ ಎಷ್ಟು ಕಳೆದಿರಿ, ವಾಸ ಎಷ್ಟು, ಅಂಗಡಿ ಎಷ್ಟು, ತೆರಿಗೆ ದರ ಎಷ್ಟು, ಪ್ರತಿ ಉಪಕರ ಎಷ್ಟು. ಎಲ್ಲ ಕನ್ನಡದಲ್ಲಿ. ಕಂಪ್ಯೂಟರ್ ಈ ಲೆಕ್ಕವನ್ನು ಹೇಗೂ ಮಾಡಿಯೇ ಮೊತ್ತ ಹೇಳುತ್ತದೆ. ಮಾಡಿದ್ದನ್ನು ತೋರಿಸು ಎಂದರೆ ಸಾಕು.

ಗಜದಲ್ಲಿ ಬರೆದ ಹಳೇ ಕಾಗದ ಇರುವ ಮನೆಗಳನ್ನು ಒಮ್ಮೆ ಬೇರೆಯಾಗಿ ತಪಾಸಣೆ ಮಾಡಿಸಿ. ಹಳೇ ಹುಬ್ಬಳ್ಳಿ, ದುರ್ಗದಬೈಲ್, ಧಾರವಾಡದ ಹಳೇ ಓಣಿಗಳಲ್ಲಿ ನನ್ನಂಥ ಖರೀದಿ ಪತ್ರಗಳು ಬಹಳ ಇರುತ್ತವೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಎಂದು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. 1962ರಿಂದ ಒಂದೇ ಮನೆಯಂತಿದ್ದ ಅವಳಿ ನಗರ ಬೇರೆಯಾಗುವುದಾದರೆ ದಫ್ತರವೂ ಎರಡಾಗಬೇಕು. ತಪ್ಪುಗಳನ್ನು ಹಂಚಿಕೊಂಡು ಹೋಗುವುದಕ್ಕಿಂತ ಮೊದಲೇ ತಿದ್ದುವುದು ವಾಸಿ ಅಲ್ವಾ?

ತಿದ್ದುಪಡಿ ಅರ್ಜಿಗೆ ಒಂದೇ ಕಿಟಕಿ ಇರಲಿ, ಗಡುವು ಇರಲಿ, ಸಕಾಲದ ಸೇವೆಗಳಿಗೆ ಇರುವ ಹಾಗೆ. ನಾನು ಈವರೆಗೆ ನಾಲ್ಕು ಕಡೆ ಅಲೆದಿದ್ದೇನೆ. ಒಂದು ಕಡೆ ಸಿಟಿ ಸರ್ವೆ ಉತಾರ (ದಾಖಲೆಯ ನಕಲು) ತನ್ನಿ ಎಂದರು, ತಂದೆ. ಇನ್ನೊಂದು ಕಡೆ ಅದು ಬೇಡ, ಅಳತೆ ಆಗಬೇಕು ಎಂದರು. ಅಳತೆಯವರು ಯಾವಾಗ ಬರುತ್ತಾರೆ ಎಂದು ಕೇಳಿದೆ, ತಿಳಿಸುತ್ತೇವೆ ಎಂದರು. ನಡುವೆ ಒಬ್ಬ ಹುಡುಗ ಮಾತ್ರ, ಹೊಸದಾಗಿ ಸೇರಿದವನಿರಬೇಕು, ನನ್ನ ಖರೀದಿ ಪತ್ರ ಪೂರ್ತಿ ಓದಿ "ಕಾಕಾ, ಇದು ಗಜ ಐತಿ, ಮೀಟರ್ ಅಲ್ಲ" ಎಂದು ತಾನೇ ಹೇಳಿದ. ಅವನಿಗೆ ನನ್ನ ನಮಸ್ಕಾರ.

ಇಷ್ಟು ವರ್ಷ ಹೆಚ್ಚಿಗೆ ಕಟ್ಟಿದ್ದನ್ನು ರೊಕ್ಕದ ರೂಪದಲ್ಲಿ ವಾಪಸ್ ಕೊಡಿ ಎಂದು ಹಟ ಹಿಡಿಯುವುದಿಲ್ಲ. ಮುಂದಿನ ವರ್ಷಗಳ ಪಟ್ಟಿಯಲ್ಲಿ ಮುರಿದುಕೊಳ್ಳಿ. ನಾವು ತಡ ಮಾಡಿದರೆ ನೀವು ತಿಂಗಳಿಗೆ ಶೇ 2 ಹಾಕುತ್ತೀರಿ. ನಾನು ಬಡ್ಡಿ ಕೇಳುತ್ತಿಲ್ಲ, ಅಸಲು ಸಾಕು.

ನನ್ನ ಅರ್ಜಿ, ಖರೀದಿ ಪತ್ರದ ನಕಲು, ಹಳೇ ರಸೀದಿಗಳ ಝೆರಾಕ್ಸ್ ಎಲ್ಲ ನಿಮ್ಮ ಕಚೇರಿಯಲ್ಲಿ ಈಗಾಗಲೇ ಇವೆ. ಅಳತೆಗೆ ಯಾವ ದಿನ ಬರುತ್ತೀರಿ ಎಂದು ಹಿಂದಿನ ದಿನ ಒಂದು ಮಾತು ತಿಳಿಸಿ. ಹಿಂದಿನ ಕೋಣೆಯ ತುಂಬ ಅಕ್ಕಿ ಮೂಟೆಗಳಿವೆ, ಟೇಪು ಗೋಡೆಯಿಂದ ಗೋಡೆಗೆ ಮುಟ್ಟುವ ಹಾಗೆ ಸರಿಸಿ ಇಟ್ಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಿರಾಣಿ ಅಂಗಡಿಯವ,
ಹಳೇ ಹುಬ್ಬಳ್ಳಿ